ಎದುರು ಮಾತಾಡದ ಮೆಕ್ಯಾನಿಕ್

ಬಿಚ್ಚಿ ಜೋಡಿಸಿದ ಬೈಕಿಗೆ ಗ್ಯಾರೇಜಿನ ಹಿರಿಯ ಮೆಕ್ಯಾನಿಕ್ ಇದ್ದಬದ್ದ ಬಲವೆಲ್ಲ ಹಾಕಿ ಒಂದು ಕಿಕ್ ಕೊಟ್ಟಾಗ ಅವನ ಪ್ಯಾಂಟು ಹಿಂದುಗಡೆ ಪರ್ರನೆ ಹರಿಯಿತು. ಬೈಕು ಸ್ಟಾರ್ಟ್ ಆಗಲಿಲ್ಲ; ಸುತ್ತಲಿದ್ದವರ ನಗು ಮಾತ್ರ ಒಂದೇ ಕಿಕ್ಕಿಗೆ ಸ್ಟಾರ್ಟ್ ಆಯಿತು.

"ತಾತಾ, ಸಂಜೆಯೊಳಗೆ ಇದು ಗುರ್ ಅನ್ನದಿದ್ರೆ ನಾಳೆಯಿಂದ ನಿನಗೆ ಸ್ಪ್ಯಾನರ್ ಇಲ್ಲ, ಗಾಡಿ ತೊಳೆಯೋ ಬಕೆಟ್ಟೇ ಗತಿ," ಎಂದ ಮಾಲೀಕ. ಅಪ್ಪನಿಂದ ಗ್ಯಾರೇಜು ಕೈಗೆ ಬಂದ ದಿನವೇ ಅವನು ಎರಡು ಕಾನೂನು ಮಾಡಿದ್ದ: ತನ್ನ ವಸ್ತುವನ್ನು ಕೆಲಸದವರು ಮುಟ್ಟಬಾರದು, ತನಗೆ ಎದುರು ಪ್ರಶ್ನೆ ಹಾಕಬಾರದು.

ತಾತ ಪ್ಲಗ್ ಬಿಚ್ಚಿದ, ಕಿಡಿ ಚೆನ್ನಾಗಿತ್ತು. ಕಾರ್ಬ್ಯುರೇಟರ್ ನೋಡಿದ, ಪೆಟ್ರೋಲ್ ಇಳಿಯುತ್ತಿತ್ತು. ಬಗ್ಗಿ ಸೈಲೆನ್ಸರಿನೊಳಗೆ ಇಣುಕಿ, ನಿಟ್ಟುಸಿರುಬಿಟ್ಟು, ಒಂದು ಕೈಯಲ್ಲಿ ಪ್ಯಾಂಟು ಹಿಡಿದುಕೊಂಡು ಸಂಜೆಯವರೆಗೂ ಒದ್ದ.

ಕೊನೆಗೆ ಮಾಲೀಕ, ತಮಾಷೆಗೆಂದು ತಾನೇ ಸೈಲೆನ್ಸರಿಗೆ ತುರುಕಿದ್ದ ತನ್ನ ಚೌಕಳಿ ಕರ್ಚೀಫನ್ನು ಎಳೆದು ಎಲ್ಲರೆದುರು ಬೀಸಿದ. ಬೈಕು ಒಂದೇ ಒದೆತಕ್ಕೆ ಗುರುಗುಟ್ಟಿತು.

"ಇಷ್ಟು ವರ್ಷದ ಸರ್ವೀಸು, ಇದು ಕಣ್ಣಿಗೆ ಬೀಳಲಿಲ್ವೇನೋ ಮುದುಕಾ?"

"ಬೆಳಿಗ್ಗೇನೇ ಬಿತ್ತು ಸಾರ್. ನಿಮ್ಮ ಕರ್ಚೀಫು ಅಂತ ಮುಟ್ಟಲಿಲ್ಲ, ಯಾಕೆ ಇಟ್ರಿ ಅಂತ ಕೇಳಲೂ ಇಲ್ಲ. ಬಕೆಟ್ ಕೊಡಿ."