ಬೂರುಗದ ಹಲಗೆಯ ಮಗ್ಗ

ಸಂಸ್ಥಾನಗಳ ಕಾಲದಲ್ಲಿ ಬನಹಟ್ಟಿಯ ನೇಕಾರರಿಗೆ ಮಗ್ಗ ಮಾಡಿಕೊಡುತ್ತಿದ್ದವನು ಬಡಿಗೇರ ಅಂದಾನೆಪ್ಪ. ಯಾವ ಕಟ್ಟಿಗೆಯನ್ನೇ ಆಗಲಿ, ಬೆರಳ ಗೆಣ್ಣಿನಿಂದ ತಟ್ಟಿ ಅದರ ದನಿ ಕೇಳಿದ ಮೇಲೆಯೇ ಕೊಳ್ಳುತ್ತಿದ್ದ.

ಅವನ ಹೆಂಡತಿ ಯಲ್ಲಕ್ಕ ನೆರೆಮನೆಯವರಲ್ಲಿ ನೇಯ್ಗೆ ಕಲಿತವಳು. ಮೊದಲಿನ ಎರಡು ಕೂಸುಗಳು ತೊಟ್ಟಿಲಲ್ಲೇ ತೀರಿಕೊಂಡ ಮೇಲೆ ಅವಳು ಮಾತು ಬಿಟ್ಟಿದ್ದಳು. ಅಂದಾನೆಪ್ಪ ಪಡಸಾಲೆಯಲ್ಲಿ ಒಂದು ಮಗ್ಗ ಹೂಡಿಕೊಟ್ಟ. ಹಗ್ಗ ಜಗ್ಗಿದರೆ ಲಾಳಿ ಅತ್ತಿಂದಿತ್ತ ಓಡುವ ಮಗ್ಗ. ಅದರ ಮುಂದೆ ಕೂತಾಗ ಅವಳ ಮುಖ ತಿಳಿಯಾಗುತ್ತಿತ್ತು. ನಿಧಾನಕ್ಕೆ ಮಾತೂ ಬಂತು.

ಮೂರನೆಯದು ಹೆಣ್ಣು, ಮುತ್ತವ್ವ. ದಿನ ತುಂಬುವ ಮೊದಲೇ ಹುಟ್ಟಿದ ಬಡಕಲು ಕೂಸು. ಬಾಣಂತನ ಮುಗಿದು ಯಲ್ಲಕ್ಕ ಮಗ್ಗಕ್ಕೆ ಕೂತ ದಿನ, ಲಾಳಿ ಮಗ್ಗದ ಎರಡೂ ಬದಿಗಿದ್ದ ತನ್ನ ಪೆಟ್ಟಿಗೆಯ ತುದಿಗೆ ಬಡಿದಾಗಲೆಲ್ಲ ಕೂಸು ಬೆಚ್ಚಿಬಿತ್ತು. ಅತ್ತು ಅತ್ತು ನೀಲಿಗಟ್ಟಿತು, ಮೊಲೆ ಹಿಡಿಯಲಿಲ್ಲ. ಯಲ್ಲಕ್ಕ ಎದ್ದು ಮಗ್ಗದ ಮೇಲೆ ಬಟ್ಟೆ ಹೊದಿಸಿಬಿಟ್ಟಳು. ಕೂಸು ಸುಮ್ಮನಾಯಿತು. ಆದರೆ ತಾಯಿಗೆ ಹಳೆಯ ಮೌನ ಮರಳತೊಡಗಿತು. ಮಲಗಿದ ಕೂಸಿನ ಮೂಗಿನ ಹತ್ತಿರ ಬೆರಳು ಹಿಡಿದು ಉಸಿರು ನೋಡುತ್ತ ಕೂತುಬಿಡುತ್ತಿದ್ದಳು. ಮಗ್ಗವನ್ನು ಬೇರೆ ಮನೆಗೆ ಸಾಗಿಸು ಎಂದು ಅಂದಾನೆಪ್ಪನ ತಾಯಿ ಲಗಮವ್ವ ಹೇಳಿದಳು. ಕೂಸನ್ನು ಬಿಟ್ಟು ಯಲ್ಲಕ್ಕ ಹೊಸ್ತಿಲು ದಾಟುವವಳಾಗಿರಲಿಲ್ಲ.

ಅಂದಾನೆಪ್ಪ ಲಾಳಿಯ ಪೆಟ್ಟಿಗೆ ಬಿಚ್ಚಿದ. ಬಹಳ ದಿನ ಬಾಳಲೆಂದು ತುದಿಗೆ ಜಾಲಿಯ ತುಂಡು ಹಾಕಿದ್ದ. ಗಟ್ಟಿ ಕಟ್ಟಿಗೆ ಪೆಟ್ಟನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ, ಹೊರಗೇ ಉಗುಳುತ್ತದೆ. ಅದನ್ನು ತೆಗೆದು ಬೇವು ಹಾಕಿದ, ಕೂಸು ಬೆಚ್ಚಿತು. ಮಾವು ಹಾಕಿದ, ಸಪ್ಪಳ ಮಂದವಾಯಿತು, ಆದರೂ ಕೂಸಿನ ಹುಬ್ಬು ಅದುರಿತು. ಕೊನೆಗೆ ಹೊಳೆಯ ದಂಡೆಯಿಂದ ಬೂರುಗದ ಕೊರಡು ತಂದ. ಉಗುರು ಒತ್ತಿದರೆ ಗುರುತು ಬೀಳುವ, ಒಳಗೆಲ್ಲ ಗಾಳಿ ತುಂಬಿದ ಹಗುರ ಕಟ್ಟಿಗೆ ಅದು, ಮಗ್ಗಕ್ಕೆ ಯಾರೂ ಬಳಸುತ್ತಿರಲಿಲ್ಲ. ಒಣಗಿಸಿ, ಲಾಳಿ ಬಡಿಯುವಲ್ಲಿ ಕೂಡಿಸಿದ. ಮಗ್ಗದ ಕಾಲುಗಳ ಕೆಳಗೂ ಅದರದೇ ಹಲಗೆ ಇಟ್ಟ.

“ಈಗ ಜಗ್ಗು,” ಅಂದ.

ಯಲ್ಲಕ್ಕ ಹೆದರುತ್ತಲೇ ಜಗ್ಗಿದಳು. ಗಾದಿಯ ಮೇಲೆ ಗುದ್ದಿದಂಥ ಸಪ್ಪಳ. ಕೂಸು ಮಲಗಿಯೇ ಇತ್ತು.

ಬೂರುಗ ಬಹಳ ದಿನ ತಾಳುತ್ತಿರಲಿಲ್ಲ. ಲಾಳಿಯ ಬಡಿತಕ್ಕೆ ತಗ್ಗು ಬೀಳುತ್ತಿತ್ತು, ಲಾಳಿಯ ಓಟವೂ ಮಂದವಾಗುತ್ತಿತ್ತು. ಊರವರ ಕೆಲಸ ಬದಿಗಿಟ್ಟು ಅಂದಾನೆಪ್ಪ ಮತ್ತೆ ಮತ್ತೆ ಹೊಸ ತುಂಡು ಕೆತ್ತುತ್ತಿದ್ದ.

ಕೆಲವು ತಿಂಗಳ ಮೇಲೆ ಒಂದು ಮಧ್ಯಾಹ್ನ ಯಲ್ಲಕ್ಕ ನೇಯುತ್ತಿದ್ದಾಗ ಲಗಮವ್ವನ ಕೈಜಾರಿ ತಾಮ್ರದ ಕೊಡ ಕಲ್ಲಿನ ಮೇಲೆ ಬಿತ್ತು. ತೊಟ್ಟಿಲಲ್ಲಿದ್ದ ಮುತ್ತವ್ವ ಅಲುಗಲಿಲ್ಲ. ಯಲ್ಲಕ್ಕನ ಕೈ ನಿಂತುಬಿಟ್ಟಿತು.

“ಕೂಸಿಗೆ ಕಿವಿ ಕೇಳೂದಿಲ್ಲರಿ,” ಅಂದಳು ಬಾಗಿಲಲ್ಲಿ ಕೂತಿದ್ದ ಗಂಡನಿಗೆ.

ಅಂದಾನೆಪ್ಪ ತೊಟ್ಟಿಲ ಹತ್ತಿರ ಬಂದ. ಇಷ್ಟು ದಿನ ಕೂಸು ಬೆಚ್ಚದೆ ಮಲಗಿದ್ದು ಬೂರುಗದಿಂದಲ್ಲವೇನೋ ಎಂದುಕೊಂಡ. ಲಗಮವ್ವನೂ ತೊಟ್ಟಿಲಿಗೆ ಬಗ್ಗಿದಳು. ಮನೆಯೆಲ್ಲ ನಿಶ್ಶಬ್ದ. ಅಷ್ಟರಲ್ಲಿ ಕೂಸು ಹೊರಳಾಡಿ, ಕಣ್ಣು ತೆರೆದು ಅಳತೊಡಗಿತು.

ಮೊದಲು ತಿಳಿದದ್ದು ಲಗಮವ್ವನಿಗೆ. “ಮಗ್ಗದ ಸಪ್ಪಳ ನಿಂತೈತಿ, ಅದಕ್ಕ ಅಳಾಕತ್ತೈತಿ. ನೀ ಜಗ್ಗವ್ವಾ.”

ಯಲ್ಲಕ್ಕ ಕಣ್ಣೊರೆಸಿಕೊಂಡು ಹಗ್ಗ ಜಗ್ಗಿದಳು. ಅಳು ಇಳಿಯಿತು. ಕೈ ನಿಲ್ಲಿಸಿದಳು, ಮತ್ತೆ ಅಳು. ಮತ್ತೆ ಜಗ್ಗಿದಳು, ಕೂಸು ಬೆರಳು ಚೀಪುತ್ತ ಕಣ್ಣು ಮುಚ್ಚಿತು. ಯಲ್ಲಕ್ಕ ನಕ್ಕಳು. ಅವಳು ಬಾಯಿಬಿಟ್ಟು ನಗುವುದನ್ನು ಅಂದಾನೆಪ್ಪ ಎಷ್ಟೋ ವರ್ಷದ ಮೇಲೆ ಕೇಳಿದ.

ಮುತ್ತವ್ವ ಬೆಳೆದಳು, ಓಣಿಗೆಲ್ಲ ಕೇಳುವಂಥ ದೊಡ್ಡ ದನಿಯವಳಾದಳು. ಮನೆಯ ಸುದ್ದಿ ಹೆಂಗಸರ ಬಾಯಿಂದ ಬಾಯಿಗೆ ಹೋಗಿ, ಬನಹಟ್ಟಿಯಲ್ಲೂ ಪಕ್ಕದ ರಬಕವಿಯಲ್ಲೂ ಹಸುಗೂಸಿದ್ದ ನೇಕಾರರ ಮನೆಗಳಿಂದ ಅಂದಾನೆಪ್ಪನಿಗೆ ಕರೆ ಬರುತ್ತಿತ್ತು. ಬೂರುಗದ ತುಂಡು ಕೂಡಿಸಿದ ಮೇಲೂ ಅವನು ಏಳುತ್ತಿರಲಿಲ್ಲ. ತಾಯಿ ಮಗ್ಗಕ್ಕೆ ಕೂತು ಒಂದಷ್ಟು ನೇಯುವವರೆಗೆ ತೊಟ್ಟಿಲ ಕಡೆ ನೋಡುತ್ತ ಕೂತಿದ್ದು, ಆಮೇಲೆ ಉಳಿ ಸುತ್ತಿಗೆ ಎತ್ತಿಕೊಂಡು ಮನೆಗೆ ಹೋಗುತ್ತಿದ್ದ.