ಉಡಿ ತುಂಬಿ ಕೊಟ್ಟ ಗೇಮಿನ ಡಬ್ಬಿ

ನಮ್ಮ ಬೀಗತಿ, ಅಂದರೆ ನನ್ನ ಸೊಸೆಯ ತಾಯಿ, ವಿಡಿಯೋ ಗೇಮಿಗೆ ಕೂತರೆ ಕೈಬಳೆಗಳನ್ನೆಲ್ಲ ಮೊಣಕೈತನಕ ಏರಿಸಿ, ಜಾರದಂತೆ ಜಡೆಯ ರಬ್ಬರ್ ಬ್ಯಾಂಡ್ ಸಿಕ್ಕಿಸುತ್ತಿದ್ದಳು. ಬಳೆ ಸದ್ದು ಮಾಡಿದರೆ ಆಟ ಕೆಡುತ್ತದಂತೆ. ಮೈಸೂರಿನವಳು, ಸಣ್ಣ ಆಳು, ಮೆತ್ತನೆಯ ಮಾತು. ಟಿವಿಯ ಮುಂದೆ ರಿಮೋಟು ಹಿಡಿದು ಕೂತರೆ ಮಾತ್ರ ಹಲ್ಲು ಕಚ್ಚಿಕೊಂಡು ಎರಡೂ ಹೆಬ್ಬೆರಳು ಕುಣಿಸುವ ಬೇರೆಯೇ ಹೆಂಗಸು. ಈ ಪರದೇಶಕ್ಕೆ, ತನ್ನ ಮಗನ ಮನೆಗೆ ಬಂದ ಮೊದಲ ಚಳಿಗಾಲದಲ್ಲಿ, ಹಿಮದಲ್ಲಿ ಹೊರಗೆ ಕಾಲಿಡಲಾಗದೆ ಕಲಿತದ್ದಂತೆ.

ಆಕೆ ಇದ್ದದ್ದು ರಿಚ್ಮಂಡ್ ಹಿಲ್ಲಿನಲ್ಲಿ, ನಾವು ಮೆಡೋವೇಲಿನಲ್ಲಿ, ಕಾರಿನಲ್ಲಿ ಮುಕ್ಕಾಲು ತಾಸಿನ ದಾರಿ. ಮೊಮ್ಮಗಳು ನಮ್ಮ ಮನೆಯಲ್ಲೇ ಇದ್ದರೂ ನನ್ನ ಜೊತೆ ಅವಳ ಮಾತು "ಹಾಯ್ ಅಜ್ಜಿ", "ಬೈ ಅಜ್ಜಿ", ಅಷ್ಟೇ. ಶನಿವಾರ ಮಧ್ಯಾಹ್ನ ಮಾತ್ರ ಅವಳ ಕೋಣೆಯಿಂದ ನಗು ಕೇಳುತ್ತಿತ್ತು. ಇಲ್ಲಿ ಇವಳು, ಅಲ್ಲಿ ಆಕೆ, ಇಂಟರ್ನೆಟ್ಟಿನಲ್ಲಿ ಸೇರಿಕೊಂಡು ಹೋಟೆಲು ನಡೆಸುವ ಒಂದು ಆಟ ಆಡುತ್ತಿದ್ದರು. ಹುಡುಗಿ ಸೆಪ್ಟೆಂಬರಿನಲ್ಲಿ ಕಾಲೇಜಿಗೆಂದು ಹ್ಯಾಲಿಫ್ಯಾಕ್ಸಿಗೆ ಹೊರಡುವವಳಿದ್ದಳು. ಮನೆಯಲ್ಲಿದ್ದಾಗಲೇ ಎರಡು ಮಾತು. ದೂರ ಹೋದರೆ ಅದೂ ಇಲ್ಲ. ನಾನೂ ಆ ಆಟಕ್ಕೆ ಸೇರಬೇಕು ಅಂತ ಬೀಗತಿಗೆ ಫೋನ್ ಮಾಡಿದೆ.

"ಬೀಗರ, ಗೇಮಿನ ಡಬ್ಬಿ ತಗೋಬೇಕಂತ ಮಾಡೀನಿ. ಯಾವುದು ಚೊಲೋ?"

ಆಕೆ ನಗಲಿಲ್ಲ. "ಯಾವುದು ಚೆನ್ನಾಗಿದೆ ಅಂತ ಕೇಳ್ಬೇಡಿ ಬೀಗರೇ. ಯಾರ ಜೊತೆ ಆಡ್ತೀರಿ ಹೇಳಿ."

"ಹುಡುಗಿ ಜೋಡಿ."

"ಹಾಗಾದ್ರೆ ಅವಳ ಹತ್ರ ಇರೋ ಕಂಪನೀದೇ ಬೇಕು. ಒಂದು ಕಂಪನಿ ಆಟ ಇನ್ನೊಂದರಲ್ಲಿ ಎಷ್ಟೋ ಸಲ ನಡೆಯಲ್ಲ. ಖರ್ಚು ಕಮ್ಮಿ ಆಗ್ಬೇಕಾ, ಹಳೇದು ತಗೊಳ್ಳಿ. ಡಬ್ಬಿ ಒಂದ್ಸಲ ದುಡ್ಡು ತಿನ್ನುತ್ತೆ, ಆಟಗಳು ತಿಂಗಳು ತಿಂಗಳೂ ತಿನ್ನುತ್ತೆ, ಅದನ್ನ ನೋಡ್ಕೊಳ್ಳಿ." ಆಮೇಲೆ, "ಮಗ ನಂಗೆ ಹೊಸದು ಕೊಡ್ಸಿದ್ದಾನೆ. ನನ್ನ ಹಳೇದು ಅವಳ ಕಂಪನೀದೇ, ಕಪಾಟಲ್ಲಿ ಸುಮ್ನೆ ಕೂತಿದೆ. ಕಳಿಸ್ಲಾ?"

ನಾನು ಗಂಡಿನ ತಾಯಿ. ಹೆಣ್ಣಿನ ಕಡೆಯವರು ಬಳಸಿ ಬಿಟ್ಟದ್ದನ್ನು ನಾನು ತರಿಸಿಕೊಳ್ಳುವುದೇ? "ಬ್ಯಾಡ್ರಿ, ನಾವ ತಗೋತೀವಿ" ಅಂದೆ. ಅಷ್ಟಕ್ಕೇ ಬಿಡಲಿಲ್ಲ. ಆಕೆಯದು ಅಂಗೈಯಗಲದ್ದು, ನನ್ನದು ಅದಕ್ಕಿಂತ ದೊಡ್ಡದಿರಬೇಕು ಅನ್ನಿಸಿತು. ಫೋನಿನಲ್ಲಿ ಯಾರೋ ಮಾರಲಿಟ್ಟಿದ್ದ ಒಂದು ಡಬ್ಬಿಯನ್ನು ಮಗ ತೋರಿಸಿದ.

"ಅವ್ವಾ, ಇದು ಬ್ಯಾರೆ ಕಂಪನಿದು."

"ದೊಡ್ಡದೈತಿ, ಅಗ್ಗ ಐತಿ. ತಗೊ."

ಬಂತು. ಕರ್ರಗೆ, ಇಡ್ಲಿ ಪಾತ್ರೆಯಷ್ಟು ದೊಡ್ಡದು. ಅಗ್ಗ ಯಾಕೆ ಅನ್ನುವುದು ಆಮೇಲೆ ತಿಳಿಯಿತು. ಅದಕ್ಕೆ ಡಿಸ್ಕ್ ಹಾಕುವ ಬಾಯೇ ಇರಲಿಲ್ಲ. ಪೇಟೆಯಲ್ಲಿ ಸಿಗುವ ಹಳೆಯ ಡಿಸ್ಕು ನಡೆಯುವುದಿಲ್ಲ, ಪ್ರತಿ ಆಟವನ್ನೂ ಇಂಟರ್ನೆಟ್ಟಿನಲ್ಲೇ ಕೊಳ್ಳಬೇಕು. ಕೊಳ್ಳೋಣವೆಂದರೆ ಮೊಮ್ಮಗಳ ಹೋಟೆಲಿನ ಆಟ ಅದರಲ್ಲಿ ಇಲ್ಲವೇ ಇಲ್ಲ. ನಮ್ಮ ಮನೆಯವರು ಅದರ ಮೇಲೆ ಚಹಾದ ಕಪ್ಪಿಟ್ಟು, "ಟೀಪಾಯಿ ಚೊಲೋ ಆತು" ಅಂದರು.

ಸೊಸೆಯ ಬಾಯಿಂದ ಈ ಸುದ್ದಿ ರಿಚ್ಮಂಡ್ ಹಿಲ್ ಮುಟ್ಟಿತು. ಮುಂದಿನ ಭಾನುವಾರ ಬೀಗತಿ ರೇಷ್ಮೆ ಸೀರೆ ಉಟ್ಟು ಮಗನ ಕಾರಿನಲ್ಲಿ ಬಂದಿಳಿದಳು. ಹಬ್ಬವಿಲ್ಲ, ಹುಣ್ಣಿಮೆಯಿಲ್ಲ. ಚಹಾ ಆದ ಮೇಲೆ, "ಬನ್ನಿ ಬೀಗರೇ, ಮಣೆ ಮೇಲೆ ಕೂತ್ಕೊಳ್ಳಿ" ಅಂದಳು.

"ಯಾಕ್ರಿ?"

"ಉಡಿ ತುಂಬ್ತೀನಿ."

ಅವರ ಕಡೆ ಅದಕ್ಕೆ ಮಡಿಲು ತುಂಬುವುದು ಅನ್ನುತ್ತಾರೆ. ಬೇಕೆಂದೇ ನಮ್ಮ ಧಾರವಾಡದ ಮಾತು ಬಳಸಿದಳು. ಕುಂಕುಮ ಹಚ್ಚಿದಳು. ನಾನು ಸೆರಗೊಡ್ಡಿದೆ. ಅಕ್ಕಿ ಬಿತ್ತು, ತೆಂಗಿನಕಾಯಿ ಬಿತ್ತು, ಎಲೆ ಅಡಿಕೆ, ಕುಪ್ಪಸದ ಖಣ ಬಿತ್ತು. ಅದರ ಮೇಲೆ ಆಕೆಯ ಹಳೆಯ ಗೇಮಿನ ಡಬ್ಬಿ, ವೈರಿನ ಸಮೇತ.

ಉಡಿಯಲ್ಲಿ ಬಿದ್ದದ್ದನ್ನು ಒಲ್ಲೆ ಅನ್ನಲಿಕ್ಕೆ ಬರುವುದಿಲ್ಲ. ಆಕೆಗೂ ಗೊತ್ತು, ನನಗೂ ಗೊತ್ತು.

"ಭಾಳ ಶ್ಯಾಣ್ಯಾರಿದ್ದೀರಿ" ಅಂದೆ.

"ಎದ್ದೇಳಿ, ಅಕ್ಕಿ ಚೆಲ್ಲುತ್ತೆ. ಇನ್ನೂ ಕಲಿಯೋದು ಬಹಳ ಇದೆ."

ಬೇಸಿಗೆಯೆಲ್ಲ ಬಂದು ಕಲಿಸಿದಳು. ನಾನು ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವಳು. "ಇಂಗ್ಲಿಷ್ ಅಕ್ಷರ ಓದೋಕೆ ಹೋಗ್ಬೇಡಿ. ಎಡಗಡೇ ಗುಂಡಿ ಕಾಲು, ಬಲಗಡೇದು ಕೈ, ಅಷ್ಟೇ" ಅನ್ನುತ್ತಿದ್ದಳು. ನಾನು ಸೋತು ರಿಮೋಟು ಕೆಳಗಿಟ್ಟರೆ, "ಏನು ಕಳ್ಕೊಂಡ್ರಿ? ಮತ್ತೆ ಒತ್ತಿ" ಅನ್ನುವಳು. ತಾನು ಸೋತಾಗ ಮಾತ್ರ ನೆಟ್‌ವರ್ಕಿಗೆ ಬೈಯುವಳು.

ಮೊಮ್ಮಗಳು ಹ್ಯಾಲಿಫ್ಯಾಕ್ಸಿಗೆ ಹೋದಳು. ಶನಿವಾರ ಮೂವರೂ ಮೂರು ಊರಿಂದ ಹೋಟೆಲು ತೆರೆದೆವು. ಇಂಗ್ಲಿಷಿನಲ್ಲಿ ಹೇಳಿದರೆ ನನಗೆ ತಿಳಿಯದು, ನನಗೆ ತಿಳಿಯದಿದ್ದರೆ ಅಡುಗೆ ಸೀಯುತ್ತದೆ. ಹುಡುಗಿಗೆ ಕನ್ನಡ ಹುಡುಕದೆ ಗತಿಯಿರಲಿಲ್ಲ.

"ಅಜ್ಜಿ, ಆನಿಯನ್ ಕಟ್... ಈರುಳ್ಳಿ, ಈರುಳ್ಳಿ ಹೆಚ್ಚು."

"ಉಳ್ಳಾಗಡ್ಡಿ ಅನ್ನು."

"ಏನಾದ್ರೂ ಅನ್ನಿ ಬೀಗರೇ, ಮೊದ್ಲು ಹೆಚ್ಚಿ" ಅಂತ ಬೀಗತಿ.

ಆಟ ಮುಗಿದರೂ ಹುಡುಗಿ ಹೋಗುತ್ತಿರಲಿಲ್ಲ. ಹಾಸ್ಟೆಲಿನ ಊಟ, ರೂಮ್‌ಮೇಟ್ ಜೊತೆಗಿನ ಜಗಳ, ಎಲ್ಲ ಹೇಳುವಳು, ನನಗೆ.

ಹೋದ ಚಳಿಗಾಲ ಬೀಗತಿ ನಿದ್ದೆಯಲ್ಲೇ ತೀರಿಕೊಂಡಳು. ಒಳ್ಳೆಯ ಸಾವು, ಯಾರನ್ನೂ ಗೋಳಾಡಿಸಲಿಲ್ಲ. ಮೊಮ್ಮಗಳು ಬಂದು ಹೋದಳು. ಶನಿವಾರ ಬಂತು. ಇನ್ನು ಆಟ ಮುಗಿಯಿತು ಅಂದುಕೊಂಡು ನಾನು ರಿಮೋಟು ಮುಟ್ಟಿರಲಿಲ್ಲ. ಫೋನ್ ಬಂತು.

"ಅಜ್ಜಿ, ಆಡೋಣ?" ಅಂದವಳು ಅಳತೊಡಗಿದಳು.

ಸಮಾಧಾನ ಹೇಳುವುದು ನನಗೆ ಬರುವುದಿಲ್ಲ. "ಅಳೂದು ಆಮ್ಯಾಲೆ. ಗಿರಾಕಿ ಕುಂತಾರ, ಅನ್ನಕ್ಕಿಡು" ಅಂದೆ.

ಮೂಗು ಒರೆಸಿಕೊಂಡು ಅನ್ನಕ್ಕಿಟ್ಟಳು. ಮೂವರ ಕೆಲಸ ಇಬ್ಬರಿಗೆ ಆಗುವುದೇ? ಒಲೆಯಿಂದ ಬೆಂಕಿ ಹತ್ತಿ ಹೋಟೆಲಿಗೆ ಹೋಟೆಲೇ ಸುಟ್ಟುಹೋಯಿತು.

"ಅಜ್ಜಿ, ನೀನೇ ಸುಟ್ಟಿದ್ದು" ಅಂದು ಹುಡುಗಿ ನಕ್ಕಳು. ಜೋರಾಗಿ, ಮೊದಲು ಕೋಣೆಯ ಬಾಗಿಲಿನಾಚೆ ಕೇಳುತ್ತಿತ್ತಲ್ಲ, ಅದೇ ನಗು. ಆ ಹೆಂಗಸು ಹಟ ಹಿಡಿಯದಿದ್ದರೆ ಅದು ನನ್ನ ಪಾಲಿಗೆ ಬರುತ್ತಿರಲಿಲ್ಲ.

"ಹೌದು, ನಾನ ಸುಟ್ಟೆ" ಅಂದೆ. "ಮತ್ತ ತೆಗಿ ಹೋಟೆಲ್ಲ."