ಆಯಿ ಕಿತ್ತ ನೆಲನೆಲ್ಲಿ

ನಾನು ಹೇಳುತ್ತಿದ್ದೇನೆ, ಮರಿಮಗಳು ಫೋನಿನಲ್ಲಿ ಟೈಪು ಮಾಡುತ್ತಿದ್ದಾಳೆ. ನೂರು ದಾಟಿದವಳಿಗೆ ಇಷ್ಟು ಸೇವೆ ಆಗಬೇಕಾದದ್ದೇ. ಇವತ್ತು ಬೆಳಿಗ್ಗೆ ಬೆಳಗಾವಿಯ ಈ ಮನೆಯಲ್ಲಿ ಅವಳು ಗುಲಾಬಿ ಕುಂಡದಿಂದ ಕಳೆಯೆಂದು ಒಂದು ಗಿಡ ಕಿತ್ತು ಎಸೆದಳು. ಎತ್ತಿ ನೋಡಿದರೆ ನೆಲನೆಲ್ಲಿ. ಎಲೆಗಳ ಕೆಳಗೆ ಸಾಸಿವೆಯಂಥ ಕಾಯಿಗಳ ಸಾಲು.

ಪಾರಿಶ್ವಾಡದ ನಮ್ಮ ಜೈನರ ಮನೆಯೊಳಗೆ ಗಡ್ಡೆ, ಬೇರು ಯಾವುದೂ ಬರುತ್ತಿರಲಿಲ್ಲ. ಬೇರು ಕಿತ್ತರೆ ಜೀವವನ್ನೇ ಕಿತ್ತಂತೆ ಎನ್ನುತ್ತಿದ್ದಳು ಆಯಿ, ನಮ್ಮಪ್ಪನ ತಾಯಿ. ಅಂಥದ್ದರಲ್ಲಿ ಸಣ್ಣವಳಿದ್ದ ನನಗೆ ಕಾಮಣಿ ಆಗಿ ಕಣ್ಣು ಹಳದಿಯಾದವು. ನೆಲನೆಲ್ಲಿಯನ್ನು ಬೇರುಸಹಿತ ಅರೆದು ಮಜ್ಜಿಗೆಯಲ್ಲಿ ಕುಡಿಸಬೇಕೆಂದು ವೈದ್ಯರು ಹೇಳಿದರು. ಆಯಿ ಬರೀ ಎಲೆ ಅರೆದು ಕೊಟ್ಟಳು. ನನ್ನ ಕಣ್ಣುಗಳು ಇನ್ನಷ್ಟು ಹಳದಿಯಾದವು.

"ಅತ್ತಿ, ಬೇರು ನಾನ ಕೀಳ್ತೀನ್ರಿ," ಎಂದಳು ಅವ್ವ.

"ಬ್ಯಾಡ. ನೀ ಇನ್ನೂ ಸಣ್ಣಾಕಿ. ಆ ಪಾಪ ನನಗ ಇರ್ಲಿ."

ಹಿತ್ತಲಿನಲ್ಲಿ ಕುಳಿತು ಆಯಿ ಗಿಡಕ್ಕೆ ಕೈಮುಗಿದಳು. ಕಿತ್ತ ಮೇಲೆ ಬಲಿತ ಕಾಯಿಗಳನ್ನು ಅದೇ ಕುಳಿಗೆ ಉದುರಿಸಿ ಮಣ್ಣು ಮುಚ್ಚಿದಳು.

ನಾನು ಗುಣವಾದೆ. ಬೇರು ಕಿತ್ತ ಪ್ರಾಯಶ್ಚಿತ್ತಕ್ಕೆ ಆಯಿ ತನಗೆ ಪ್ರೀತಿಯ ಬೆಲ್ಲ ಬಿಟ್ಟಿದ್ದಳೆಂದು ಅವ್ವ ಎಷ್ಟೋ ವರ್ಷಗಳ ಮೇಲೆ ಹೇಳಿದಳು. ಹೋಳಿಗೆ ಯಾಕೆ ತಿನ್ನುವುದಿಲ್ಲವೆಂದು ನಾನು ಕೇಳಿದಾಗಲೆಲ್ಲ ಆಯಿಯದು ಒಂದೇ ಉತ್ತರ: "ಹಲ್ಲು ನೋಯ್ತಾವವ್ವ." ಬಾಯಲ್ಲಿ ಒಂದು ಹಲ್ಲೂ ಉಳಿಯದಿದ್ದಾಗಲೂ ಅದನ್ನೇ ಹೇಳಿದಳು.

ಟೈಪು ಮಾಡುತ್ತಿದ್ದ ಮರಿಮಗಳು ಇಷ್ಟಕ್ಕೆ ಆ ಗಿಡ ಹಿಡಿದು ಎದ್ದು ಹೋದಳು. ಬಂದಾಗ ಅವಳ ಉಗುರುಗಳಲ್ಲಿ ಕುಂಡದ ಮಣ್ಣಿತ್ತು. ಕಿತ್ತ ಗಿಡದಲ್ಲಿ ಈಗ ಒಂದೂ ಕಾಯಿ ಉಳಿದಿರಲಿಲ್ಲ.